ನಡುಗಿದ ಹಸಿರು ಗೆರೆ

೧೯೮೫ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಒಂಬತ್ತನೆಯ ಇಯತ್ತೆ. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಅಪ್ಪ ಗದ್ದೆಯ ಬದುವಿನ ಮೇಲೆ ಜಾರಿ ಸೊಂಟ ಮುರಿದುಕೊಂಡ. ಆ ಮಳೆಗಾಲದ ನಟ್ಟಿಗೆ ಮನೆಯಲ್ಲಿ ಬೇರೆ ಕೈ ಇರಲಿಲ್ಲ. ನಟ್ಟಿ ಮುಗಿದ ಮೇಲೆ ಮಾಸ್ತರರು ಭಾವಿಕೇರಿಗೇ ಬಂದು ಕರೆದರು. ನನಗಿಂತ ಸಣ್ಣವರ ಜೊತೆ ಕೂರಲು ಮನಸ್ಸಾಗಲಿಲ್ಲ, ಹೋಗಲಿಲ್ಲ. ಕಾರವಾರಕ್ಕೆ ಹೋಗಿ, ಊರೆಲ್ಲ ಮಾಮ ಎಂದೇ ಕರೆಯುವ ಕೊಂಕಣಿ ಮನೆಮಾತಿನ ಪಾಂಡುಮಾಮನ ರೇಡಿಯೋ ರಿಪೇರಿ ಅಂಗಡಿ ಸೇರಿದೆ.

ಇದೆಲ್ಲ ನೆನಪಾಗಲು ಕಾರಣ ಮೊನ್ನೆ ಮೇ ತಿಂಗಳಲ್ಲಿ ನನ್ನ ಅಂಗಡಿಗೆ ಬಂದ ಒಂದು ಪೆಟ್ಟಿಗೆ. ಬಹಳ ವರ್ಷ ದೂರದಿಂದ ಬರೀ ಕಣ್ಣಲ್ಲಿ ನೋಡುತ್ತಿದ್ದ ಪೆಟ್ಟಿಗೆ. ಸ್ವಿಚ್ ಹಾಕಿದೆ. ಒಳಗಿನ ಧೂಳು ಬಿಸಿಯಾಗಿ ಹಳೆಯ ಟ್ರಂಕು ತೆರೆದಂಥ ವಾಸನೆ ಬಂತು. ಅದರ ಹಿಂದೆಯೇ, ತೀರ ಸಣ್ಣಗೆ, ಆರತಿಯ ದೀಪಕ್ಕೆ ಕುಂಕುಮ ಬಿದ್ದಾಗ ಬರುವ ವಾಸನೆ. ಇರಲಿಕ್ಕೆ ಸಾಧ್ಯವಿಲ್ಲ, ಅದನ್ನು ತೊಳೆದು ಎಷ್ಟೋ ಕಾಲವಾಯಿತು. ಆದರೂ ಬಂತು. ೨೦೦೪ರ ಮಳೆಗಾಲ ಇಡಿಯಾಗಿ ಬಂದು ಎದುರಿನ ಸ್ಟೂಲಿನ ಮೇಲೆ ಕೂತಿತು.

ಆ ಪೆಟ್ಟಿಗೆ ಒಂದು ಆಸಿಲೋಸ್ಕೋಪ್. ನಮ್ಮ ಬಾಯಲ್ಲಿ ಬರೀ ಸ್ಕೋಪ್. ತಂತಿಯೊಳಗೆ ಕರೆಂಟು ಹೇಗೆ ಓಡುತ್ತಿದೆ ಎಂಬುದನ್ನು ಒಂದು ಪುಟ್ಟ ಗಾಜಿನ ಪರದೆಯ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುತ್ತದೆ. ಗೋವಾದಲ್ಲಿ ಯಾವುದೋ ಹಳೆಯ ಲ್ಯಾಬಿನ ಸಾಮಾನು ಮಾರುತ್ತಾರೆಂದು ಕೇಳಿ ಮಾಮ ನನ್ನನ್ನೂ ಕರೆದುಕೊಂಡು ಹೋಗಿ ತಂದದ್ದು. ಬಸ್ಸಿನ ಟಾಪಿನ ಮೇಲೆ ಹಾಕಲು ಮಾಮ ಒಪ್ಪಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕಾಳಿ ಸೇತುವೆ ದಾಟಿಸಿ ತಂದವನು ನಾನು. ಇಳಿಯುವಾಗ ಕಾಲು ಜೋಮು ಹಿಡಿದು, ಮಾಮನ ಹೆಗಲು ಹಿಡಿದೇ ಇಳಿದೆ. ಮೊದಲೆರಡು ವರ್ಷ ಅದು ಮಾಮನ ಟೇಬಲ್ಲಿನ ಮೇಲಿತ್ತು. ಅದರ ಗುಬುಟುಗಳನ್ನು ಒಂದೊಂದಾಗಿ ತಿರುಗಿಸುತ್ತ ನಾನು ಅರ್ಧ ಕಲಿತಿದ್ದೆ. ಇನ್ನರ್ಧ ಕಲಿಯುವಷ್ಟರಲ್ಲಿ ಉದಯ ಬಂದ.

ಹಟ್ಟಿಕೇರಿಯ ಹುಡುಗ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ನನಗಿಂತ ಹತ್ತು ವರ್ಷ ಚಿಕ್ಕವ. ತಲೆ ಬಾಚಿ, ಅಂಗಿ ಇನ್ ಮಾಡಿ, ಮೊದಲ ದಿನವೇ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಆಶೀರ್ವಾದ ಮಾಡದೆ ಏನು ಮಾಡುವುದು? ಮಾಡಿದೆ. ಮಾರನೆಯ ದಿನ ಮಾಮ ಸ್ಕೋಪನ್ನು ಎತ್ತಿಸಿ ಅವನ ಟೇಬಲ್ಲಿನ ಮೇಲೆ ಇಡಿಸಿದರು. ಎತ್ತಿಟ್ಟವನೂ ನಾನೇ.

"ಬೊಮ್ಮಯ್ಯಾ, ಬೇಜಾರ್ ಮಾಡ್ಬೇಡ ರೇ," ಅಂದರು ಮಾಮ. "ಅದು ಓದಿದವ್ರ ಸಾಮಾನು. ನಿಂಗೆ ಕಿವಿ ಸಾಕು."

ನನ್ನ ಕಿವಿಯ ಮೇಲೆ ಮಾಮನಿಗೆ ನಂಬಿಕೆ ಇತ್ತು ನಿಜ. ರೇಡಿಯೋ ಗೊರಗೊರ ಅಂದರೆ ಯಾವ ಭಾಗ ಸತ್ತಿದೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದೆ. ಆದರೆ ಕಿವಿ ಇದ್ದವನಿಗೆ ಕಣ್ಣು ಬೇಡ ಎಂದು ಯಾರು ಹೇಳಿದರು?

ಅಂಕೋಲೆಯಿಂದ ಬೆಳಿಗ್ಗೆ ಹೊರಡುವ ಬಸ್ಸಿಗೆ ನಾನು ಹತ್ತುತ್ತಿದ್ದೆ, ಹಟ್ಟಿಕೇರಿಯಲ್ಲಿ ಅವನು ಹತ್ತುತ್ತಿದ್ದ. ಪಕ್ಕದ ಸೀಟಿನ ಮೇಲೆ ನಾನು ಕೊಡೆ ಇಡುತ್ತಿದ್ದೆ. ಅವನು ಬಂದವನೇ, "ನಂಗೆ ಜಾಗ ಹಿಡ್ದಿರಾ ಅಣ್ಣಾ?" ಎಂದು ಕೊಡೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುತ್ತಿದ್ದ. ಒದ್ದೆ ಕೊಡೆ. ಅದರ ನೀರು ಅವನ ಇಸ್ತ್ರಿಯ ಪ್ಯಾಂಟಿಗೆ ಇಳಿಯುತ್ತಿತ್ತು. ಅದೊಂದೇ ನನಗೆ ಸಮಾಧಾನ.

ಅವನು ಕೆಲಸ ಮಾಡುವ ರೀತಿಯೂ ನನಗೆ ಹಿಡಿಸುತ್ತಿರಲಿಲ್ಲ. ಕರೆಂಟು ಇರುವ ಸೆಟ್ಟಿನೊಳಗೆ ಕೈ ಹಾಕುವಾಗ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಡುತ್ತಿದ್ದ. ನಾನು ಎರಡೂ ಕೈಯಲ್ಲಿ ದುಡಿದವನು. "ಸಾಹೇಬ್ರು ಕಿಸೆಯಲ್ಲಿ ಕೈ ಇಟ್ಕಂಡೇ ರಿಪೇರಿ ಮಾಡ್ತ್ರು," ಎಂದು ಗಿರಾಕಿಗಳ ಎದುರು ಹೇಳಿ ನಗಿಸುತ್ತಿದ್ದೆ. ಅವನೂ ನಗುತ್ತಿದ್ದ.

ಕಾರವಾರದಲ್ಲಿ ಎಲ್ಲರಿಗೂ ಮಳೆಗಾಲವೆಂದರೆ ಬಿಡುವು, ನಮಗೆ ಸುಗ್ಗಿ. ಮೀನುಗಾರಿಕೆ ಬಂದಾಗಿ ಬೋಟುಗಳೆಲ್ಲ ಬೈತಖೋಲ ಬಂದರದಲ್ಲಿ ಕಟ್ಟಿ ನಿಂತಾಗ ಅವುಗಳ ವೈರ್‌ಲೆಸ್ಸು, ಮೀನು ಎಲ್ಲಿದೆ ಎಂದು ತೋರಿಸುವ ಫಿಶ್ ಫೈಂಡರು, ಎಲ್ಲ ನಮ್ಮ ಅಂಗಡಿಗೆ ಬರುತ್ತಿದ್ದವು. ಬೋಟು ಮತ್ತೆ ಕಡಲಿಗಿಳಿಯುವ ಮೊದಲು ತಯಾರಾಗಬೇಕು. ಆ ವರ್ಷ ಫಿಶ್ ಫೈಂಡರುಗಳೇ ಹೆಚ್ಚು. ಅವು ಕಿವಿಗೆ ಬಗ್ಗುವ ಸಾಮಾನಲ್ಲ, ಸ್ಕೋಪು ಬೇಕೇ ಬೇಕು.

ಜೂನಿನಲ್ಲಿ ಒಂದು ಬೆಳಿಗ್ಗೆ ಮಾಮ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದರು: "ಅಂಕೋಲೆ ಪೇಟೆಯಲ್ಲಿ ಒಂದು ಮಳಿಗೆ ನೋಡಿದ್ದೇನೆ. ಶ್ರಾವಣದ ನಾರಳಿ ಹುಣ್ಣಿಮೆ ಕಳ್ದ ಮೇಲೆ ನಮ್ದೇ ಇನ್ನೊಂದು ಅಂಗಡಿ. ನಿಮ್ಮಿಬ್ಬರಲ್ಲಿ ಒಬ್ರು ಅಲ್ಲಿ ಕೂರ್ಬೇಕು. ಕೂತವ್ರಿಗೆ ಪಾಲು. ಈ ಮಳೆಗಾಲದ ಕೆಲ್ಸ ನೋಡಿ ಹೇಳ್ತೇನೆ."

ಅಂಕೋಲೆ! ನನ್ನ ಊರಿನ ಪೇಟೆ. ಸೈಕಲ್ಲಿನಲ್ಲಿ ಹೋಗಿ ಮಧ್ಯಾಹ್ನ ಮನೆಯ ಊಟ. ಅಂಗಡಿಯ ಬಾಗಿಲಲ್ಲಿ ನಿಂತರೆ ನನ್ನ ಜೊತೆ ಓದಿದವರು ಮಾವಿನ ಬುಟ್ಟಿ ಹಿಡಿದು ಹೋಗುವಾಗ ನೋಡುತ್ತಾರೆ: ಅರೆ, ಬೊಮ್ಮಯ್ಯ. ರಾತ್ರಿ ಹೆಂಡತಿ ನಾಗವೇಣಿಗೆ ಹೇಳಿದೆ. ಅವಳು ರೊಟ್ಟಿ ಮಗುಚುತ್ತ, "ಉದಯನ್ನ ಕೂರ್ಸಿದ್ರೆ?" ಅಂದಳು.

"ಎಂತಕ್ಕೆ ಕೂರ್ಸ್ತಾರೆ? ನಿನ್ನೆ ಬಂದವ ಅವ!"

"ಅಲ್ಲ, ಕೇಳ್ದೆ. ಒಳ್ಳೆ ಹುಡ್ಗ ಅಂವ. ಹಬ್ಬದ್ ದಿವ್ಸ ಬಂದಾಗ ಎರಡ್ನೇ ಸಲ ಹುಳಿ ಹಾಕಿಸ್ಕಂಡ."

ನನ್ನ ಮನೆಯ ಹುಳಿಯೂ ಅವನ ಕಡೆ.

ಅದಾದ ವಾರದೊಳಗೆ ಸ್ಕೋಪಿನ ಗೆರೆ ನಡುಗತೊಡಗಿತು.

ಬೆಳಿಗ್ಗೆ ಹಾಕಿದರೆ ಗೆರೆ ನೆಟ್ಟಗೆ ನಿಲ್ಲುವುದಿಲ್ಲ. ಒಮ್ಮೆ ಝಗ್ಗೆಂದು ಹೊಳೆಯುತ್ತದೆ, ಒಮ್ಮೆ ಮಂಕಾಗಿ ದಪ್ಪವಾಗುತ್ತದೆ, ಮತ್ತೆ ಕಣ್ಣು ಮುಚ್ಚಿ ತೆರೆದಂತೆ ಮಾಯ. ಮಧ್ಯಾಹ್ನ ಒಂದಿಷ್ಟು ಬಿಸಿಲು ಬಿದ್ದರೆ ತಾನೇ ಸರಿಯಾಗುತ್ತದೆ. ಮರುದಿನ ಮಳೆ ಹೊಯ್ದರೆ ಮತ್ತೆ ಅದೇ ಕುಣಿತ. ಉದಯ ಮೂರು ದಿನ ಅದರ ಮುಂದೆ ಕೂತ. ಮೊದಲು ಹೊರಗಿನ ಗುಬುಟುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದ. ಆಮೇಲೆ ತಳದ ಮುಚ್ಚಳ ತೆಗೆದು ಪವರ್ ಸಪ್ಲೈ ಅಳೆದ. ಕಡಿಮೆ ವೋಲ್ಟಿನದೆಲ್ಲ ಸರಿಯಾಗಿಯೇ ಇತ್ತು. ಉಬ್ಬಿದ್ದ ಎರಡು ಕಂಡೆನ್ಸರ್ ಬದಲಿಸಿದ. ಗೆರೆ ನಡುಗುತ್ತಲೇ ಇತ್ತು. ಅವನ ಟೇಬಲ್ಲಿನ ಕೆಳಗೆ ಫಿಶ್ ಫೈಂಡರುಗಳು ರಾಶಿ ಬಿದ್ದವು. ನನ್ನ ಟೇಬಲ್ಲಿನ ಮೇಲೆ ವೈರ್‌ಲೆಸ್ಸುಗಳು ಒಂದೊಂದಾಗಿ ಮಾತಾಡುತ್ತ ಮನೆಗೆ ಹೋಗುತ್ತಿದ್ದವು. ಇಡೀ ವರ್ಷದಲ್ಲಿ ನಾನು ಅಷ್ಟು ಸಂತೋಷವಾಗಿ ಕೆಲಸ ಮಾಡಿದ್ದಿಲ್ಲ. ಸಣ್ಣಗೆ ಶಿಳ್ಳೆ ಹಾಕುತ್ತಿದ್ದೆನೆಂದು ಕಾಣುತ್ತದೆ, ಮಾಮ ಒಮ್ಮೆ ತಿರುಗಿ ನೋಡಿದರು.

ಬೋಟಿನ ತಾಂಡೇಲ ಗಣಪತಿ ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ತಾಂಡೇಲ ಅಂದರೆ ಬೋಟು ನಡೆಸುವ ಯಜಮಾನ. ಮಳೆಗಾಲದಲ್ಲಿ ಅವನಿಗೆ ಬೇರೆ ಕೆಲಸವಿಲ್ಲ, ನಾಲಿಗೆ ಮಾತ್ರ.

"ಎಂತದೋ ಉದಯಾ, ಎದೆ ಬಡ್ತ ತೋರ್ಸೂ ಮಶೀನಿಗೇ ಎದೆ ಬ್ಯಾನಿ ಆಯ್ತನಾ?"

"ಸ್ವಲ್ಪ ತಡೀರಿ ತಾಂಡೇಲ್ರೆ."

"ನಾ ತಡೀತೆ ಮಾರಾಯಾ. ಮೀನು ತಡೀಬೇಕಲ್ಲ?"

ಆಗ ನಾನು ಬಾಯಿ ಹಾಕಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಒಳಗೆ ಎಂತಾ ಹುಡ್ಕೂದು? ಅರ್ತಿಂಗ್ ಹೋಗ್ಯದೆ. ಮಳೆಗಾಲದಲ್ಲಿ ಮಾತ್ರ ಬರೂ ರೋಗ ಅಂದ್ರೆ ನೆಲದ್ದೇ ರೋಗ."

ಮಾಮ ನನ್ನ ಮುಖ ನೋಡಿದರು. ಆ ನೋಟಕ್ಕಾಗಿ ನಾನು ಅಂದು ಬಾವಿ ತೋಡು ಎಂದರೂ ತೋಡುತ್ತಿದ್ದೆ. ಅಂಗಡಿಯ ಹಿಂದೆ ಮಳೆಯಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ಎದೆಯುದ್ದ ಗುಂಡಿ ತೋಡಿದೆ. ತಾಮ್ರದ ಪಟ್ಟಿ ಇಳಿಸಿ, ಇದ್ದಿಲು ಹಾಕಿ, ಉಪ್ಪು ಸುರಿದೆ. ಗಣಪತಿ ತಾಂಡೇಲ ಕೊಡೆ ಹಿಡಿದು ಮೇಲೆ ನಿಂತು ನೋಡುತ್ತಿದ್ದ.

"ಇದ್ದಿಲು ಆಯ್ತು, ಉಪ್ಪೂ ಆಯ್ತು," ಅಂದ. "ಇನ್ನೆರಡು ಬಂಗಡೆ ಹಾಕ್ಬಿಡು ಬೊಮ್ಮಯ್ಯಾ. ಸ್ಕೋಪ್ ಸರಿ ಆಗ್ದಿದ್ರೂ ಊಟ ಆಗ್ತದೆ."

ತಂತಿ ಎಳೆದು ತಂದು ಜೋಡಿಸಿ ಸ್ವಿಚ್ ಹಾಕಿದೆವು. ಗೆರೆ ಬಂತು. ಒಂದು ಉಸಿರಿನಷ್ಟು ಹೊತ್ತು ನೆಟ್ಟಗೆ ನಿಂತಿತು. ಆಮೇಲೆ, ನನ್ನ ಮುಖ ನೋಡಿದ್ದಕ್ಕೋ ಎಂಬಂತೆ, ಗಡಗಡ ನಡುಗಿತು.

ಉದಯನೇ ಹೇಳಿದ, "ಅರ್ತಿಂಗ್ ಹೇಗೂ ಹಳೇದಾಗಿತ್ತು ಮಾಮ. ಆಗ್ಬೇಕಾದ ಕೆಲ್ಸ ಆಯ್ತು." ನನ್ನ ಮರ್ಯಾದೆಗೆ ಅವನು ತೇಪೆ ಹಚ್ಚಿದ. ಯಾರು ಕೇಳಿದ್ದರು ಅವನನ್ನು? ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಂಗೈಯ ಬೊಬ್ಬೆಗಳನ್ನು ಮುಚ್ಚಿಕೊಂಡು ಹೋಗಿ ನನ್ನ ಜಾಗದಲ್ಲಿ ಕೂತೆ. ಆ ದಿನ ಬಸ್ಸಿನಲ್ಲಿ ಬೇಕೆಂದೇ ಹಿಂದಿನ ಸೀಟಿನಲ್ಲಿ, ಮೀನಿನ ಬುಟ್ಟಿಗಳ ನಡುವೆ ಕೂತು ಬಂದೆ.

ಜುಲೈ ಅರ್ಧ ಕಳೆದಿತ್ತು. ಒಂದು ಬೆಳಿಗ್ಗೆ ಗಾಳಿ, ಮಳೆ ಎರಡೂ ಸೇರಿ ಕಡಲೇ ರಸ್ತೆಗೆ ಬಂದಂತಿತ್ತು. ಗೋಡೆ ಬೆವರುತ್ತಿತ್ತು, ಬೆಂಕಿಪೊಟ್ಟಣದ ಕಡ್ಡಿ ಹತ್ತುತ್ತಿರಲಿಲ್ಲ. ಮಾಮ ಇನ್ನೂ ಬಂದಿರಲಿಲ್ಲ. ಉದಯ ಸ್ಕೋಪ್ ಹಾಕಿ ಅದರ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಗೆರೆ ಎಂದಿಗಿಂತ ಹೆಚ್ಚು ಕುಣಿಯುತ್ತಿತ್ತು. ನಾನು ನನ್ನ ಟೇಬಲ್ಲಿನಲ್ಲಿ ಬಗ್ಗಿ ಬೆಸುಗೆ ಹಾಕುತ್ತಿದ್ದೆ. ಆಗ ಆ ವಾಸನೆ ಬಂತು. ಬೆಸುಗೆಯ ರಾಳದ್ದಲ್ಲ, ರಬ್ಬರಿನದ್ದೂ ಅಲ್ಲ.

"ಉದಯಾ, ಆಫ್ ಮಾಡು," ಅಂದೆ. "ಕುಂಕುಮ ಸುಡ್ತಾ ಅದೆ."

"ಕುಂಕುಮವಾ? ಇಲ್ಲೆಲ್ಲಿಂದ ಬರ್ಬೇಕು ಅಣ್ಣಾ?"

ಅವನು ಕೇಳಿದ ಕೂಡಲೇ ಎಲ್ಲಿಂದ ಎಂದು ನನಗೆ ಹೊಳೆದುಹೋಯಿತು.

ನಮ್ಮ ಅಂಗಡಿಯಲ್ಲಿ ಆಯುಧ ಪೂಜೆಯ ದಿನ ಸಾಮಾನುಗಳಿಗೆ ಕುಂಕುಮ ಹಚ್ಚುವುದು ಹಿರಿಯ ಕೆಲಸಗಾರನ ಹಕ್ಕು. ಮಾಮ ಸಹ ಅದನ್ನು ಮುಟ್ಟುತ್ತಿರಲಿಲ್ಲ. ಹಿಂದಿನ ನವರಾತ್ರಿಯ ಹೊತ್ತಿಗೆ ಸ್ಕೋಪು ಉದಯನ ಟೇಬಲ್ಲಿಗೆ ಹೋಗಿ ಒಂದು ತಿಂಗಳಾಗಿತ್ತಷ್ಟೆ. ವರ್ಷವಿಡೀ ಅದು ಅವನದು, ಆ ಒಂದು ದಿನ ನನ್ನದು. ಅಪ್ಪ ನೇಗಿಲಿಗೆ ಹಾಕುತ್ತಿದ್ದಂತೆ ಮುಷ್ಟಿ ತುಂಬ ತೆಗೆದುಕೊಂಡು, ಬೇರೆ ಸಾಮಾನಿಗೆಲ್ಲ ಒಂದೊಂದು ಬೊಟ್ಟು, ಸ್ಕೋಪಿನ ನೆತ್ತಿಗೆ ಮಾತ್ರ ಕುಂಕುಮ, ಅಕ್ಷತೆ ಎಲ್ಲ ಸುರಿದಿದ್ದೆ. ಬಿಸಿ ಗಾಳಿ ಹೊರಗೆ ಹೋಗಲೆಂದು ನೆತ್ತಿಯ ಮೇಲೆ ಸಾಲು ಸಾಲು ಸೀಳುಗಳಿರುತ್ತವೆ. ದೇವರಿಗೆ ಹಾಕಿದ್ದು ಎಷ್ಟು ಬೇಗ ಮಾಯವಾಯಿತು ಎಂದು ಆಗ ನನಗೆ ಖುಷಿಯಾಗಿತ್ತು.

ಉದಯ ವೈರು ಕಿತ್ತು ಮೇಲಿನ ಹೊದಿಕೆ ಬಿಚ್ಚಿದ. ನಾನು ಕೈ ಹಾಕಲು ಹೋದೆ. ಅವನು ಮೊದಲ ಸಲ ನನಗೆ ಗದರಿದ: "ಮುಟ್ಬೇಡಿ! ಆಫ್ ಆದ್ರೂ ಒಳಗೆ ಎರಡು ಸಾವಿರ ವೋಲ್ಟ್ ಕೂತಿರ್ತದೆ." ಒಂದು ತಂತಿಯನ್ನು ಸ್ಕ್ರೂಡ್ರೈವರಿಗೆ ಸುತ್ತಿ, ಎಡಗೈ ಜೇಬಿಗೆ ಹಾಕಿ, ತುದಿಯನ್ನು ಒಳಗೆ ಮುಟ್ಟಿಸಿದ. ಟಪ್ಪೆಂದು ನೀಲಿ ಕಿಡಿ ಹಾರಿತು. "ಎರಡೂ ಕೈ ಹಾಕಿದ್ರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗ್ತದೆ ಅಣ್ಣಾ. ಅದ್ಕೇ ಈ ಕೈ ಕಿಸೆಯಲ್ಲಿ."

ಇಡೀ ವರ್ಷ ಅದನ್ನೇ ಆಡಿಕೊಂಡು ನಕ್ಕಿದ್ದೆ. ಅವನೂ ನಕ್ಕಿದ್ದ, ಕಾರಣ ಹೇಳಿರಲಿಲ್ಲ.

ಟಾರ್ಚು ನಾನು ಹಿಡಿದೆ, ದಾರಿ ಅವನು ಹೇಳಿದ. ಗೆರೆಯ ಹೊಳಪನ್ನು ಹಿಡಿದಿಡುವ ಸಣ್ಣ ಬಿಡಿಭಾಗಗಳು ಸಾಲಾಗಿ ಕೂತಿದ್ದ ಹಲಗೆ, ಹಿಂದಿನ ಮೂಲೆಯಲ್ಲಿ. ಅದರ ಮೇಲೆ ಕುಂಕುಮ ಕೆಸರಾಗಿ ಅಂಟಿತ್ತು. ನಡುವೆ ಕಪ್ಪು ಜಾಡು, ಇರುವೆ ನಡೆದ ದಾರಿಯ ಹಾಗೆ. ಎರಡು ಅಕ್ಕಿ ಕಾಳು ಕೂಡ ಇದ್ದವು. ಚಳಿ, ಬೇಸಿಗೆಯಲ್ಲಿ ಒಣ ಪುಡಿ ಸುಮ್ಮನೆ ಬಿದ್ದಿತ್ತು. ಮಳೆ ಬಂದು ಕಡಲಿನ ಉಪ್ಪು ತೇವ ಕುಡಿದ ಮೇಲೆ ಕರೆಂಟು ಅದರ ಮೇಲೆ ಕಾಲಿಟ್ಟು ಕಳ್ಳದಾರಿಯಲ್ಲಿ ಇಳಿದು ಹೋಗುತ್ತಿತ್ತು. ಅದಕ್ಕೇ ಗೆರೆ ನಡುಗಿದ್ದು, ಅದಕ್ಕೇ ಬಿಸಿಲಿಗೆ ಸರಿಯಾಗುತ್ತಿದ್ದದ್ದು.

ಉದಯ ಕುಂಕುಮ ನೋಡಿದ, ಅಕ್ಕಿ ನೋಡಿದ, ನನ್ನನ್ನು ನೋಡಿದ. ಅವನಿಗೂ ಆ ಪೂಜೆ ನೆನಪಿತ್ತು. ಗಂಟೆ ಬಾರಿಸಿದವ ಅವನೇ. "ನಿಮ್ ಪೂಜೆ ಒಳಗಿನವರೆಗೂ ಮುಟ್ಟಿದೆ ಅಣ್ಣಾ," ಎಂದಷ್ಟೇ ಹೇಳಿ ಬ್ರಶ್ಶು ತೆಗೆದುಕೊಂಡ. ಸ್ಪಿರಿಟ್ಟಿನಲ್ಲಿ ತೊಳೆದೆವು. ಕಪ್ಪು ಜಾಡನ್ನು ಬ್ಲೇಡಿನಲ್ಲಿ ಕೆರೆದೆವು. ಬಲ್ಬು ಉರಿಸಿ ಹತ್ತಿರ ಇಟ್ಟು ಒಣಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಸ್ವಿಚ್ ಹಾಕಿದರೆ, ಹೊರಗೆ ಅಷ್ಟು ಮಳೆ ಇದ್ದೂ, ಗೆರೆ ದಿಗಂತದ ಹಾಗೆ ಮಲಗಿತು.

ಅಷ್ಟರಲ್ಲಿ ಮಾಮ ಛತ್ರಿ ಮಡಿಸುತ್ತ ಒಳಗೆ ಬಂದರು. "ಕಿತೇಂ ರೇ, ಎಂತದು? ಸರಿ ಆಯ್ತಾ? ಯಾರು ಹಿಡಿದದ್ದು?"

"ಬೊಮ್ಮಯ್ಯಣ್ಣ ಮೂಗಲ್ಲಿ ಹಿಡಿದ್ರು," ಅಂದ ಉದಯ. "ಒಳಗೆ ಧೂಳು ಕೂತಿತ್ತು ಮಾಮ, ತೇವ ಹಿಡಿದಿತ್ತು."

ಧೂಳು! ಅವನು ಕುಂಕುಮದ ಸುದ್ದಿ ಎತ್ತಲಿಲ್ಲ. ನನ್ನನ್ನು ಉಳಿಸಿದ. ಇನ್ನು ಜೀವಮಾನವೆಲ್ಲ ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಆ ಉಪಕಾರ ಹೊತ್ತು ಕೂರಬೇಕಲ್ಲ? ಅಂಕೋಲೆಯ ಅಂಗಡಿ ಸಿಕ್ಕರೂ ಅದು ಅವನು ಬಿಟ್ಟುಕೊಟ್ಟದ್ದಾಗುತ್ತದಲ್ಲ? ನನ್ನ ಬಾಯಿ ತಾನಾಗಿ ತೆರೆಯಿತು.

"ಧೂಳಲ್ಲ ಮಾಮ, ಕುಂಕುಮ. ನವರಾತ್ರಿಗೆ ನಾ ಹಾಕಿದ್ದು."

ಜನ ಇದನ್ನು ಪ್ರಾಮಾಣಿಕತೆ ಎನ್ನಬಹುದು. ಅಲ್ಲ. ಆ ಹುಡುಗನ ಋಣ ನನಗೆ ಬೇಡವಾಗಿತ್ತು, ಅಷ್ಟೆ.

ಮಾಮ ಗಟ್ಟಿಯಾಗಿ ನಕ್ಕರು. "ದೇವ್ರಿಗೆ ಹಾಕಿದ್ದಲ್ವ ರೇ, ಹೋಗ್ಲಿ." ಮರುದಿನ ತಾಂಡೇಲನಿಗೂ ಹೇಳಿದರು. ಅವನು ಒಂದು ವಾರ ನನ್ನನ್ನು 'ಭಟ್ರೇ' ಎಂದೇ ಕರೆದ.

ನಾರಳಿ ಹುಣ್ಣಿಮೆ ಬಂತು, ಕಡಲಿಗೆ ತೆಂಗಿನಕಾಯಿ ಬಿಟ್ಟಾಯಿತು. ಬೋಟುಗಳು ಹೋದವು. ಮಾಮ ನನ್ನನ್ನು ಹಿಂದಿನ ಕೋಣೆಗೆ ಕರೆದರು. ಕರೆದ ರೀತಿಯಲ್ಲೇ ತಿಳಿಯಿತು.

"ಉದಯನ್ನ ಕೂರಿಸ್ತೇನೆ ಬೊಮ್ಮಯ್ಯಾ. ಬ್ಯಾಂಕಿನವ್ರು ಡಿಪ್ಲೊಮಾ ಇದ್ದವ್ರ ಹೆಸ್ರಿಗೆ ಆದ್ರೆ ಸಾಲ ಕೊಡ್ತಾರಂತೆ."

"ಕುಂಕುಮದ ಸಿಟ್ಟಾ ಮಾಮ?"

"ಪಿಸಾ! ಹುಚ್ಚನಾ ನೀನು? ನಿಂಗೆ ಮೂಗು ಅದೆ, ಅವ್ನಿಗೆ ಕಾಗದ ಅದೆ. ಬ್ಯಾಂಕಿನವ್ರು ಮೂಗು ನೋಡೂದಿಲ್ಲ." ಆಮೇಲೆ, "ನೀ ಹೋದ್ರೆ ಈ ಅಂಗಡಿ ನಡೀತದನಾ?" ಅಂದರು. ಹೊಗಳಿಕೆಯಿಂದಲೂ ಮನುಷ್ಯನನ್ನು ಕಟ್ಟಿಹಾಕಬಹುದು ಎಂದು ಅಂದು ಕಲಿತೆ.

ಸ್ಕೋಪು ಅಂಕೋಲೆಗೆ ಹೊರಟಿತು. ಅದನ್ನು ಟೆಂಪೋಕ್ಕೆ ಎತ್ತಿಟ್ಟವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಆಮೇಲೂ ಕೆಲವು ದಿನ ಅಭ್ಯಾಸದಿಂದ ಕೊಡೆ ಇಡುತ್ತಿದ್ದೆ.

ಎರಡು ವರ್ಷ ತಡೆದೆ. ಆಮೇಲೆ ಮಾಮನಿಗೆ ನಮಸ್ಕಾರ ಮಾಡಿ ಬಿಟ್ಟು ಬಂದು ಅಂಕೋಲೆ ಪೇಟೆಯಲ್ಲಿ, ಅವನ ಅಂಗಡಿಯ ಎದುರಿಗೇ, ನನ್ನ ಬೋರ್ಡು ಹಾಕಿದೆ. ಬೇರೆ ಜಾಗ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆ ವರ್ಷದ ನವರಾತ್ರಿಗೆ ಉದಯ ರಸ್ತೆ ದಾಟಿ ಬಂದ. "ಅಣ್ಣಾ, ಸ್ಕೋಪಿಗೆ ನೀವೇ ಬಂದು ಕುಂಕುಮ ಹಚ್ಚಬೇಕು," ಅಂದ. ಹೋದೆ. ಸ್ಕೋಪಿನ ನೆತ್ತಿಯ ಮೇಲೆ ಪೇಪರು ಹಾಸಿಟ್ಟಿದ್ದ, ಕಳ್ಳ! ಹಿಡಿಕೆಗೆ ಒಂದೇ ಒಂದು ಬೊಟ್ಟು ಇಟ್ಟು ಬಂದೆ. ಆಮೇಲೆ ಪ್ರತಿ ವರ್ಷವೂ ಕರೆದ, ಪ್ರತಿ ವರ್ಷವೂ ಹೋದೆ. ಹೋಗಿ ಬಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವನ ಬಾಗಿಲಲ್ಲಿ ನಿಂತ ಗಿರಾಕಿಗಳನ್ನು ಇಲ್ಲಿಂದಲೇ ಎಣಿಸುವುದು ನನಗೆ ಎಲೆಯಡಿಕೆಯಂಥ ಚಟವಾಯಿತು.

ಈಗ ಅವನು ಕ್ಯಾಮೆರಾ, ಸೋಲಾರು ಎಂದು ಬೆಳೆದಿದ್ದಾನೆ. ಮೊನ್ನೆ ಅಂಗಡಿ ಹೊಸದು ಮಾಡುವಾಗ ಸ್ಕೋಪನ್ನು ತಾನೇ ಹೊತ್ತು ತಂದು ನನ್ನ ಟೇಬಲ್ಲಿನ ಮೇಲಿಟ್ಟ. "ಇದು ನಿಮ್ಮ ಹತ್ರ ಇರ್ಲಿ ಅಣ್ಣಾ. ತೊಡೆ ಮೇಲೆ ಇಟ್ಕಂಡು ತಂದವ್ರು ನೀವು." ಮಾಮ ತೀರಿಕೊಂಡ ಮೇಲೆ ಆ ಮಾತು ಗೊತ್ತಿದ್ದವನು ಅವನೊಬ್ಬನೇ. ಪುಕ್ಕಟೆ ತೆಗೆದುಕೊಳ್ಳುವವನಲ್ಲ ನಾನು. ಸಂಜೆಯೇ ಮನೆಯ ಮರದ ಕರಿ ಇಶಾಡು ಮಾವಿನಹಣ್ಣು ಬುಟ್ಟಿ ತುಂಬ ಆರಿಸಿ ಅವನ ಮನೆಗೆ ಮುಟ್ಟಿಸಿದೆ.

"ಹಣ್ಣು ಕೊಟ್ಟು ಹೊಟ್ಟೆಕಿಚ್ಚು ತಂದ್ರಿ," ಅಂದಳು ನಾಗವೇಣಿ. "ಅದು ಮೊದ್ಲೇ ಮನೇಲಿತ್ತಲ್ರ?"

ಈಗ ಯಾರೂ ಸ್ಕೋಪಿನ ಅಗತ್ಯವಿರುವ ಸಾಮಾನು ತರುವುದಿಲ್ಲ. ಆದರೂ ಬೆಳಿಗ್ಗೆ ಬಂದ ಕೂಡಲೇ ಅದನ್ನು ಹಾಕುತ್ತೇನೆ. ಒಳಗೆ ಕೈ ಹಾಕುವುದಿದ್ದರೆ ಎಡಗೈ ತಾನಾಗಿ ಜೇಬಿಗೆ ಹೋಗುತ್ತದೆ.

ಈಗ ನನ್ನಲ್ಲಿ ಇರುವುದು ಇಷ್ಟು. ಭಾವಿಕೇರಿಯಲ್ಲಿ ಹಂಚಿನ ಮನೆ ಒಂದು, ಇಶಾಡು ಮಾವಿನ ಮರ ನಾಲ್ಕು. ಹೆಂಡತಿ, ಮದುವೆಯಾದ ಮಗಳು. ಬೆಸುಗೆಯ ಕಡ್ಡಿ ಎರಡು, ಮೀಟರು ಎರಡು. ಸರಿಯಾಗಿ ವಾಸನೆ ಹಿಡಿಯುವ ಮೂಗು ಒಂದು. ಗೆರೆ ನಡುಗದ ಸ್ಕೋಪು ಒಂದು. ಪೇಟೆಯಲ್ಲಿ ಸ್ವಂತ ಅಂಗಡಿ ಒಂದು, ಅದಕ್ಕೆ ಶಟರು ಒಂದು. ಎದುರಿನ ಅಂಗಡಿಗೆ ಮೂರು.